ಗುಂಡ್ಲುಪೇಟೆಯ ವಕ್ರರೇಖೆಯೂ ನಮ್ಮ ಮನೆಯವರೂ

ಹಳೇ ಬೇವಿನಮರದ ಬೀದಿಯ ಹದಿನಾಲ್ಕನೇ ಲೈಟ್ ಕಂಬದ ತುದಿಯಲ್ಲಿ, ನೀಲಿ ಪಟ್ಟೆಯ ಟೊಪ್ಪಿಗೆ ಧರಿಸಿ, ದಾರಿಹೋಕರನ್ನು ಎಣಿಸಲೆಂದು ಎರಡನೇ ಸಲ ಬಿಜಯಂಗೈದಿರುವ ಕ್ಯಾಮೆರಾ ಸಾಹೇಬರ ಸನ್ನಿಧಾನಕ್ಕೆ, ಅದೇ ಕಂಬದ ಬುಡದಿಂದ ಕತ್ತೆತ್ತಿ ನಾಸಿರಾ ಮಾಡಿಕೊಳ್ಳುವ ಬಹಿರಂಗ ಅರಿಕೆ.

ಮಾನ್ಯರೇ,

ತಾವು ಕ್ಷೇಮವೆಂದು ಭಾವಿಸುತ್ತೇನೆ. ಭಾವಿಸುವುದೇನು ಬಂತು, ದಿನಾ ಬೆಳಿಗ್ಗೆ ಹಾಲಿಗೆ ಹೋಗುವಾಗ ಕಣ್ಣಾರೆ ನೋಡುತ್ತೇನೆ. ನಿನ್ನೆ ಒಂದು ಕಾಗೆ ತಮ್ಮ ನೆತ್ತಿಯ ಮೇಲೆ ಕೂತು ಇಡೀ ಬೀದಿಗೆ ಕೇಳುವಂತೆ ಭಾಷಣ ಮಾಡುತ್ತಿದ್ದರೂ ತಾವು ಕದಲದೆ ಕೆಳಗಿನ ದಾರಿಯನ್ನೇ ದಿಟ್ಟಿಸುತ್ತಿದ್ದ ನಿಷ್ಠೆ ಕಂಡು, ನಮ್ಮ ಕಚೇರಿಗಳಲ್ಲಿ ಇಂಥವರು ನಾಲ್ಕು ಜನ ಇದ್ದಿದ್ದರೆ ನಾನು ಇಷ್ಟು ಅರ್ಜಿ ಬರೆಯಬೇಕಾಗಿರಲಿಲ್ಲ ಎಂದುಕೊಂಡೆ. ಇಲ್ಲಿ ನಾವೆಲ್ಲರೂ ಕ್ಷೇಮ, ಒಬ್ಬರನ್ನು ಬಿಟ್ಟು. ಆ ಒಬ್ಬರ ವಿಷಯವಾಗಿಯೇ ಈ ಪತ್ರ.

ನಾನು ಸರ್ಕಾರಿ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿದವಳು. ಮನೆಯಲ್ಲಿ ಉರ್ದು, ಕಾಗದದ ಮೇಲೆ ಕನ್ನಡ. ಪತ್ರಲೇಖನಕ್ಕೆ ಐದಕ್ಕೆ ಐದು ತೆಗೆಯುತ್ತಿದ್ದೆ. ಈಗಲೂ ಬೀದಿಯ ನಲ್ಲಿ ನೀರು, ರೇಷನ್ ಕಾರ್ಡು, ವಿಧವಾ ವೇತನ ಎಲ್ಲಕ್ಕೂ ಅರ್ಜಿ ಬರೆದುಕೊಡುವವಳು ನಾನೇ. ಆದರೆ ಕ್ಯಾಮೆರಾಗೆ ಬರೆಯುತ್ತಿರುವುದು ಇದೇ ಮೊದಲು. ಸಂಬೋಧನೆಯಲ್ಲಿ ಏನಾದರೂ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ತಮ್ಮ ಹೊಟ್ಟೆಯಲ್ಲಿ ಇಪ್ಪತ್ತೊಂದು ದಿನದ ಇಡೀ ಬೀದಿಯೇ ಹಿಡಿಸಿದೆಯಂತೆ, ನನ್ನ ಒಂದು ತಪ್ಪು ಹೆಚ್ಚಾಗಲಾರದು.

ತಮಗೆ ಗೊತ್ತಿರುವುದನ್ನೇ ಮೊದಲು ನೆನಪಿಸುತ್ತೇನೆ, ಈ ಪತ್ರವನ್ನು ಓದುವ ಮಿಕ್ಕವರಿಗಾಗಿ. ಹೋದ ವರ್ಷ ದಸರಾ ಮುಗಿದ ವಾರ, ದೊಡ್ಡ ಊರಿನ ನಗರ ವಿನ್ಯಾಸದ ಕಾಲೇಜೊಂದರಿಂದ ಪ್ರೊಫೆಸರ್ ಸ್ವರ್ಣಲತಾ ಮೇಡಂ ಅವರು ಹದಿನೆಂಟು ವಿದ್ಯಾರ್ಥಿಗಳನ್ನು ಕರೆದುಕೊಂಡು ನಮ್ಮ ಬೀದಿಗೆ ಬಂದರು. ಬಸ್ ಸ್ಟ್ಯಾಂಡಿನಿಂದ ಸಂತೆ ಮೈದಾನಕ್ಕೆ ಹೋಗುವ ಅಡ್ಡದಾರಿ ನಮ್ಮದು. ಹಂಗಳದ ಕಡೆಯ ರೈತರೂ, ಊಟಿಗೆ ಹೋಗುವ ಮುಂಚೆ ನೀರಿನ ಬಾಟಲಿ ಹುಡುಕುವ ಪ್ರವಾಸಿಗರೂ, ಶಾಲೆಯ ಮಕ್ಕಳೂ, ಯಾರಿಗೂ ಸೇರದ ಎರಡು ಹಸುಗಳೂ ಇಲ್ಲೇ ಹಾಯ್ದು ಹೋಗಬೇಕು. ಮೇಡಂ ಅವರು ಹೊಸ ಬೋಧನಾ ಕ್ರಮವೊಂದನ್ನು ಕಂಡುಹಿಡಿದಿದ್ದರು. ಅದರ ಹೆಸರು ಬೀದಿಪಾಠ. ಅದರಲ್ಲಿ ಕಪ್ಪುಹಲಗೆ ಇಲ್ಲ, ಪುಸ್ತಕ ಇಲ್ಲ, ಬೀದಿಯೇ ಮೇಷ್ಟ್ರು. ವಿದ್ಯಾರ್ಥಿಗಳು ಇಪ್ಪತ್ತೊಂದು ದಿನ ನೋಡಬೇಕು, ಬರೆದುಕೊಳ್ಳಬೇಕು, ಆದರೆ ಯಾರನ್ನೂ ಏನನ್ನೂ ಕೇಳಬಾರದು. ಬೀದಿಯಲ್ಲಿ ಏನೇ ನಡೆದರೂ ಯಾರೂ ಅದಕ್ಕೆ ಕೈ ಹಾಕಬಾರದು. ಬಾಯಿ ಬಿಡಿಸಿದರೆ ಜನ ಸುಳ್ಳು ಹೇಳುತ್ತಾರೆ, ಕಾಲು ಸುಳ್ಳು ಹೇಳುವುದಿಲ್ಲ ಎಂಬುದು ಮೇಡಂ ಅವರ ಸಿದ್ಧಾಂತ. ಈ ನಿಯಮವನ್ನು ಅಚ್ಚು ಹಾಕಿಸಿ, ಕೆಳಗೆ ಬೀದಿಪಾಠ ಯೋಜನಾ ಸಮಿತಿಯ ಸಹಿ ಹಾಕಿಸಿ, ಬೇವಿನ ಮರಕ್ಕೆ ಅಂಟಿಸಿದ್ದರು. ನಮಗೆ ಬಹಳ ಹಿಡಿಸಿತು. ಈ ಬೀದಿಗೆ ಬಂದು ಏನೂ ಕೇಳದೆ ಹೋದ ವಿದ್ಯಾವಂತರನ್ನು ಅದುವರೆಗೆ ನಾವು ನೋಡಿರಲಿಲ್ಲ.

ತಮ್ಮನ್ನು ಕಂಬಕ್ಕೆ ಏರಿಸಿದ್ದೂ ಆಗಲೇ. ಕಂಬದಿಂದ ಎಂಟು ಹೆಜ್ಜೆಗೆ ಬೇವಿನ ಮರ; ಮರದ ಕೆಳಗೆ ನಮ್ಮ ಮನೆಯವರು. ಹೆಸರು ಲಿಯಾಕತ್ ಅಲಿ, ಕಸುಬು ಹಾಸಿಗೆ ಮಾಡುವುದು. ಹಳೆಯ ಹಾಸಿಗೆ ಬಿಚ್ಚಿ, ಗಂಟುಕಟ್ಟಿದ ಹತ್ತಿಯನ್ನು ಬಿಲ್ಲಿನಲ್ಲಿ ಹಿಂಜಿ, ಹಗುರ ಮಾಡಿ, ಹೊಸ ಗವಸಿಗೆ ತುಂಬಿ, ದಬ್ಬಳದಲ್ಲಿ ಹೊಲಿದು ಕೊಡುತ್ತಾರೆ. ಗವಸು ಹೊಲಿಯುವುದು ಮನೆಯಲ್ಲಿ ನನ್ನ ಮಿಷನ್ನು. ಆ ಮರದ ಕೆಳಗೆ ಅವರು ಕೂತು ಮೂವತ್ತೊಂದು ವರ್ಷ. ಬೆಳಿಗ್ಗೆ ಏಳಕ್ಕೆ ಗೋಣಿತಟ್ಟು ಹಾಸಿದರೆ ಸಂಜೆ ದೀಪ ಹತ್ತುವವರೆಗೆ ಏಳುವುದು ನಮಾಜಿಗೂ ಊಟಕ್ಕೂ ಮಾತ್ರ, ಅದೂ ಮರದ ಹಿಂದಿನ ಜಗಲಿಗೆ.

ಹಿಂಜಿದ ಹತ್ತಿ ಅರ್ಧ ಬೀದಿಯವರೆಗೆ ಹರಡಿಕೊಂಡಿರುತ್ತದೆ. ಅದನ್ನು ಯಾರೂ ತುಳಿಯುವುದಿಲ್ಲ, ದಾಟುವುದೂ ಇಲ್ಲ. ಯಾರೋ ತಲೆಯಿಟ್ಟು ಮಲಗುವ ವಸ್ತು ಅದು. ಮದುವೆಯ ಹಾಸಿಗೆಯಾದರೆ ಕೇಳುವುದೇ ಬೇಡ. ಹಂಗಳದ ನಿಂಗಯ್ಯಣ್ಣ ಹೂವಿನ ಮೂಟೆ ಹೊತ್ತು ಅವಸರದಲ್ಲಿ ಬರುವವರು, ಜೊತೆಗಿದ್ದವನನ್ನು ತಡೆದು, "ಅತ್ತಿ ತುಳೀಬ್ಯಾಡ ಕಣ್ಲಾ, ಸುತ್ತಾಕಂಡು ಬಾ" ಎಂದು ಗದರಿಸಿಕೊಂಡೇ ಹೋಗುತ್ತಾರೆ. ಹಾಗಾಗಿ ನಮ್ಮ ಬೀದಿಯಲ್ಲಿ ಬಸ್ ಸ್ಟ್ಯಾಂಡಿನಿಂದ ನೆಟ್ಟಗೆ ಬಂದವರು ಮರದ ಹತ್ತಿರ ನಿಧಾನಿಸಿ, ಹತ್ತಿಯ ಎಳೆ ಒಳಗೆ ಹೋಗದಂತೆ ಸೆರಗನ್ನೋ ಟವಲನ್ನೋ ಮೂಗಿಗೆ ಹಿಡಿದು, ಅರ್ಧಚಂದ್ರಾಕಾರವಾಗಿ ಬಳಸಿ ಹೋಗುತ್ತಾರೆ. ಸ್ಕೂಟರಿನವರೂ ವೇಗ ತಗ್ಗಿಸುತ್ತಾರೆ. ಗಾಳಿಗೆ ಹತ್ತಿ ಎದ್ದರೆ ನಮ್ಮವರು ಬೈಯುವುದಿಲ್ಲ, ಸುಮ್ಮನೆ ಮುಖ ನೋಡುತ್ತಾರೆ. ಅದಕ್ಕಿಂತ ಬೈಸಿಕೊಳ್ಳುವುದೇ ಮೇಲು ಎಂದು ಸ್ಕೂಟರಿನವರ ಅಭಿಪ್ರಾಯ.

ಇಷ್ಟನ್ನು ಯಾರು ಕೇಳಿದ್ದರೂ ಒಂದು ಲೋಟ ಟೀ ಕುಡಿಯುವಷ್ಟರಲ್ಲಿ ಹೇಳಿ ಮುಗಿಸುತ್ತಿದ್ದೆವು. ಆದರೆ ಕೇಳುವ ಹಾಗಿರಲಿಲ್ಲವಲ್ಲ. ಪಾಪ, ಆ ಮಕ್ಕಳು ನಮ್ಮವರ ಹತ್ತಿ ಮೂಟೆಗೇ ಒರಗಿ ಕೂತು ಟಿಪ್ಪಣಿ ಬರೆಯುತ್ತಿದ್ದರು.

ನಾಲ್ಕು ತಿಂಗಳ ಮೇಲೆ ಚಾಮರಾಜನಗರದಲ್ಲಿ ದೊಡ್ಡ ಸಮಾವೇಶ ಆಯಿತು: ನಗರ ವಿನ್ಯಾಸದ ಹೊಸ ಸಂಶೋಧನೆ ಮತ್ತು ಹೊಸ ಬೋಧನಾ ಕ್ರಮಗಳ ಹಂಚಿಕೆ. ಬೀದಿಯವರಿಗೂ ಆಹ್ವಾನ ಇತ್ತು. ನಾನೂ ನಮ್ಮವರೂ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬಸ್ಸಿನಲ್ಲಿ ಹೋದೆವು. ಪರದೆಯ ಮೇಲೆ ತಮ್ಮ ಕಣ್ಣಿಗೆ ಬಿದ್ದ ಬೀದಿಯನ್ನು ತೋರಿಸಿದರು. ನಡೆದು ಹೋದ ಒಬ್ಬೊಬ್ಬರಿಗೂ ಒಂದೊಂದು ಬಣ್ಣದ ಎಳೆ. ಸಾವಿರಾರು ಎಳೆಗಳು ನೆಟ್ಟಗೆ ಬಂದು, ಬೇವಿನ ಮರದ ಹತ್ತಿರ ಒಟ್ಟಿಗೆ ಬಾಗಿ, ಮತ್ತೆ ನೆಟ್ಟಗಾಗುತ್ತಿದ್ದವು. ನಿಜಕ್ಕೂ ಚೆಂದವಾಗಿತ್ತು, ಸಾಹೇಬರೇ, ಆ ಮಾತಿನಲ್ಲಿ ವ್ಯಂಗ್ಯ ಇಲ್ಲ. ಮೇಡಂ ಅವರು ಇದನ್ನು ಗುಂಡ್ಲುಪೇಟೆಯ ವಕ್ರರೇಖೆ ಎಂದು ಕರೆದರು. ಬಂಡೀಪುರದ ಕಾಡಂಚಿನ ಈ ಜನರ ಕಾಲುಗಳಲ್ಲಿ ಆನೆದಾರಿಯ ನೆನಪು ತಲೆಮಾರುಗಳಿಂದ ಉಳಿದಿದೆ, ಆನೆ ನೆಟ್ಟಗೆ ನಡೆಯದೆ ಬಳಸಿ ನಡೆಯುವಂತೆ ಇವರೂ ಬಳಸಿ ನಡೆಯುತ್ತಾರೆ ಎಂದು ವಿವರಿಸಿದರು. ನಾನು ಹುಟ್ಟಿದ್ದು ಪೇಟೆಯಲ್ಲಿ. ಆನೆಯನ್ನು ಮೊದಲು ನೋಡಿದ್ದು ಮೈಸೂರಿನ ದಸರಾದಲ್ಲಿ, ಅದು ಬ್ಯಾಂಡಿನ ಹಿಂದೆ ಬಹಳ ನೆಟ್ಟಗೇ ನಡೆಯುತ್ತಿತ್ತು. ಆ ತಿರುವಿನಲ್ಲಿ ಜನ ಕೈಯನ್ನು ಮುಖದವರೆಗೆ ಎತ್ತುವುದು ವೃಕ್ಷಕ್ಕೆ ಸಲ್ಲಿಸುವ ಅಪ್ರಜ್ಞಾಪೂರ್ವಕ ವಂದನೆ ಎಂದಾಗ ಸಭೆ ಚಪ್ಪಾಳೆ ತಟ್ಟಿತು. ನಮ್ಮವರು ನನ್ನ ಕಿವಿಗೆ ಬಾಗಿ, ಹಾಗಾದರೆ ನಾನು ಆನೆಯೋ ಮರವೋ ಎಂದು ಕೇಳಿದರು.

ನಗುತ್ತಲೇ ಪರದೆಯ ಕಡೆ ತಿರುಗಿದವಳು ಆಗ ಸರಿಯಾಗಿ ನೋಡಿದೆ. ಎಳೆಗಳೆಲ್ಲ ಬಳಸಿ ಹೋಗುತ್ತಿದ್ದ ಆ ಜಾಗದಲ್ಲಿ ಏನೂ ಇರಲಿಲ್ಲ. ಗೋಣಿತಟ್ಟು ಇಲ್ಲ, ಬಿಲ್ಲು ಇಲ್ಲ, ಹತ್ತಿ ಇಲ್ಲ, ಅವರೂ ಇಲ್ಲ. ಬರೀ ಬೂದು ಬಣ್ಣ. ಮೂವತ್ತೊಂದು ವರ್ಷ ನಾನು ಊಟದ ಡಬ್ಬಿ ತೆಗೆದುಕೊಂಡು ಹೋದ ಜಾಗ ಅದು. ನನಗೆ ಅಳು ಬಂತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಕೈ ಎತ್ತಿದೆ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡಬೇಕೆಂದರು. ಗುಲಾಬಿ ಬಣ್ಣದ ಚೀಟಿಯಲ್ಲಿ ದುಂಡಗೆ, "ಆ ತಿರುವಿನಲ್ಲಿ ನನ್ನ ಗಂಡ ಕೂತಿದ್ದಾರೆ" ಎಂದು ಬರೆದು ಕೊಟ್ಟೆ. ಗೋಡೆಯ ಹಲಗೆಯಲ್ಲಿ ಸಲಹೆಗಳು, ಕನಸುಗಳು, ಭಾವನೆಗಳು ಎಂದು ಮೂರು ಅಂಕಣ ಇದ್ದವು. ನನ್ನ ಚೀಟಿಯನ್ನು ಭಾವನೆಗಳ ಕೆಳಗೆ ಅಂಟಿಸಿದರು. ಆಮೇಲೆ ಅಚ್ಚಾದ ವರದಿಯ ನಲವತ್ತನೇ ಪುಟದಲ್ಲಿ, ಈ ವಕ್ರರೇಖೆಯೊಂದಿಗೆ ಸ್ಥಳೀಯ ಮಹಿಳೆಯರಿಗೆ ಗಾಢವಾದ ಕೌಟುಂಬಿಕ ಸಂಬಂಧ ಇರುವುದು ಕಂಡುಬಂದಿದೆ ಎಂದು ಬರೆದಿದ್ದಾರೆ. ಗಾಢವೇನೋ ಹೌದು, ನಿಕಾಹ್ ಆಗಿದೆ.

ಊಟದ ಹೊತ್ತಿನಲ್ಲಿ ಭಾಗ್ಯ ಎಂಬ ವಿದ್ಯಾರ್ಥಿನಿ ತಟ್ಟೆ ಹಿಡಿದುಕೊಂಡು ನನ್ನ ಪಕ್ಕ ಬಂದು ಕೂತಳು. ಹರವೆಯ ಹುಡುಗಿ, ರೈತರ ಮನೆಯವಳು. ಆ ಇಪ್ಪತ್ತೊಂದು ದಿನ ತುಟಿ ಕಚ್ಚಿಕೊಂಡಿದ್ದವಳು ಅಂದು ತಗ್ಗಿದ ದನಿಯಲ್ಲಿ, "ಆಂಟಿ, ಬಂದ್ ಓಗೋರ್ನ ಮಾತ್ರ ಕ್ಯಾಮೆರಾ ಲೆಕ್ಕಕ್ಕೆ ತಕತದೆ. ಬಂದು ಕೂತ್ಬುಟ್ರೆ ಹಿನ್ನೆಲೆ ಅಂತ ಅಳಿಸ್ಬುಡ್ತದೆ" ಎಂದಳು. ತಾವು ಎಂಟಕ್ಕೆ ಕಣ್ಣು ತೆರೆಯುತ್ತೀರಿ, ನಮ್ಮವರು ಏಳಕ್ಕೇ ಬಂದಿರುತ್ತಾರೆ; ಆರಕ್ಕೆ ಕಣ್ಣು ಮುಚ್ಚುತ್ತೀರಿ, ಅವರು ಇನ್ನೂ ಅಲ್ಲೇ ಇರುತ್ತಾರೆ. ಹಾಗಾಗಿ ಗೋಡೆ, ಕಂಬ, ಮರದ ಜೊತೆ ಅವರನ್ನೂ ಅಳಿಸಲಾಗಿದೆ. ಕೈ ಆಡುತ್ತಿತ್ತಲ್ಲಾ ಎಂದೆ. ಇದ್ದಲ್ಲೇ ಆಡುವುದನ್ನು ಗಾಳಿಗೆ ಅಲ್ಲಾಡುವ ಎಲೆ ಎಂದು ಅಳಿಸುತ್ತದಂತೆ. ಅಂತೂ ನಮ್ಮವರು ಮರವೇ ಎಂಬುದು ಅಲ್ಲಿಗೆ ತೀರ್ಮಾನವಾಯಿತು.

ಮುಂದಿನದ್ದು ತಮಗೆ ಗೊತ್ತಿಲ್ಲ, ಏಕೆಂದರೆ ಅಷ್ಟರಲ್ಲಿ ತಮ್ಮನ್ನು ಇಳಿಸಿ ಪೆಟ್ಟಿಗೆಯಲ್ಲಿಟ್ಟಿದ್ದರು. ಯುಗಾದಿಯ ಹೊತ್ತಿಗೆ ಯೋಜನಾ ಸಮಿತಿಯವರು ವಕ್ರರೇಖೆಯನ್ನು ಸಂರಕ್ಷಿಸಲು ನಿರ್ಧರಿಸಿದರು. ರಸ್ತೆಯ ಮೇಲೆ ಹಳದಿ ಬಣ್ಣದಲ್ಲಿ ವಕ್ರ ಬರೆಸಿದರು, ಉದ್ದಕ್ಕೂ ಸಿಮೆಂಟಿನ ಹೂಕುಂಡ ಇಡಿಸಿದರು, ವಕ್ರದ ಒಳಗೆ ಜನ ಕೂತು ಪರಸ್ಪರ ಬೆರೆಯಲೆಂದು ನಾಲ್ಕು ಜನರ ಕಲ್ಲುಬೆಂಚು ಹಾಕಿಸಿದರು. ವಕ್ರದ ಒಳಗಿನ ಜಾಗ ತೆರವಾಗಿರಬೇಕು, ಇಲ್ಲವಾದರೆ ಜನರ ಸಹಜ ಚಲನೆಗೆ ಅಡ್ಡಿ ಎಂದು ನಮ್ಮವರಿಗೆ ನೋಟಿಸು ಬಂತು. ಅದನ್ನು ಓದಿ ಅರ್ಥ ಹೇಳಬೇಕಾದವಳು ನಾನೇ. ಎರಡು ಸಲ ಓದಿದೆ. ಅಡ್ಡ ಕೂತದ್ದರಿಂದ ತಾನೇ ವಕ್ರ ಹುಟ್ಟಿದ್ದು, ಈಗ ವಕ್ರಕ್ಕೇ ಅಡ್ಡವೇ ಎಂದು ಅವರು ಕೇಳಿದರು; ಐದಕ್ಕೆ ಐದರ ಕನ್ನಡದವಳು ನಾನು ನೋಟಿಸನ್ನು ಮೂರನೇ ಸಲ ಓದಲು ಕೂತೆ.

ಅಂದಿನಿಂದ ಹಾಸಿಗೆ ಕೆಲಸ ನಮ್ಮ ಅಡುಗೆಮನೆಯಲ್ಲಿ. ಸಾರಿನಲ್ಲಿ ಹತ್ತಿ, ಹತ್ತಿಯಲ್ಲಿ ಒಗ್ಗರಣೆ ವಾಸನೆ. ಬಿಲ್ಲಿಗೆ ಕೈ ಬೀಸುವಷ್ಟು ಜಾಗವಿಲ್ಲ. ಗಲ್ಲಿಯ ಕೊನೆಯ ಮನೆ, ಹುಡುಕಿಕೊಂಡು ಬರುವವರೂ ಕಡಿಮೆ. ಮಳೆಗಾಲ ಕಳೆಯುವಷ್ಟರಲ್ಲಿ ಅವರು ಒಂದು ದಿನ ಬಿಲ್ಲನ್ನು ಗೋಡೆಯ ಮೊಳೆಗೆ ನೇತುಹಾಕಿ, ಸಾಕು ಅಂದರು. ಆ ಮನುಷ್ಯ ಜ್ವರ ಬಂದಾಗಲೂ ಸಾಕು ಅಂದವರಲ್ಲ. ನಿಂಗಯ್ಯಣ್ಣ ಮಗಳ ಮದುವೆಗೆಂದು ಹೇಳಿಹೋದ ಹಾಸಿಗೆಯ ಹತ್ತಿ ಇನ್ನೂ ಮೂಟೆಯಲ್ಲೇ ಇದೆ. ನನ್ನ ಸಂಕಟ ಇದೇ, ಸಾಹೇಬರೇ. ಬೆಂಚು, ಕುಂಡ, ಆನೆ ಎಲ್ಲವನ್ನೂ ಕ್ಷಮಿಸುತ್ತೇನೆ, ಆ ಮೊಳೆಯನ್ನು ಕ್ಷಮಿಸಲಾರೆ.

ಇತ್ತ ಬೀದಿಯಲ್ಲಿ ಏನಾಯಿತೆಂದರೆ, ಜನ ಎರಡು ದಿನ ರೂಢಿಯಿಂದ ಬಳಸಿ ನಡೆದರು, ಮೂರನೆಯ ದಿನ ಅಲ್ಲಿ ಬಳಸಲು ಏನೂ ಇಲ್ಲವೆಂದು ಕಾಲಿಗೆ ಗೊತ್ತಾಯಿತು. ಕಾಲು ಸುಳ್ಳು ಹೇಳುವುದಿಲ್ಲವಲ್ಲ. ಎರಡು ಕುಂಡಗಳ ನಡುವೆ ನುಸುಳಿ, ಹಳದಿ ವಕ್ರವನ್ನು ದಾಟಿ, ಮತ್ತೆರಡು ಕುಂಡಗಳ ನಡುವೆ ಹೊರಬಿದ್ದು, ಎಲ್ಲರೂ ನೆಟ್ಟಗೆ ನಡೆಯತೊಡಗಿದರು. ನಿಂಗಯ್ಯಣ್ಣ ಹೂವಿನ ಮೂಟೆ ಹೊತ್ತು ಮುಂದೆ ಕಾಣದೆ ಬೆಂಚಿಗೆ ಮೊಣಕಾಲು ಬಡಿಸಿಕೊಂಡು, "ಯಾವನ್ಲಾ ಇಲ್ಲಿ ಕಲ್ಲು ಮಡಗ್ದೋನು? ನಮ್ ಭಾಯಿ ಎಲ್ಲೋದ್ರು?" ಎಂದು ಕೂಗಾಡಿದ್ದು ನಮ್ಮ ಅಡುಗೆಮನೆಗೂ ಕೇಳಿಸಿತು. ಬೆಂಚಿನ ಮೇಲೆ ಇಂದಿನವರೆಗೆ ಯಾರೂ ಬೆರೆತಿಲ್ಲ. ಹಸುಗಳಲ್ಲಿ ಒಂದು ಮಾತ್ರ ಕುಂಡದ ಗಿಡಗಳ ಜೊತೆ ಬೆರೆಯಿತು.

ಈ ದಸರಾ ಮುಗಿಯುತ್ತಲೇ ಮೇಡಂ ಅವರು ಎರಡನೇ ತಂಡವನ್ನೂ, ಬೇರೆ ಕಾಲೇಜುಗಳ ಅತಿಥಿಗಳನ್ನೂ ವಕ್ರರೇಖೆ ತೋರಿಸಲು ಕರೆತಂದರು. ವಕ್ರರೇಖೆ ಮನೆಯಲ್ಲಿರಲಿಲ್ಲ. ಅತಿಥಿಗಳು ಹಳದಿ ಬಣ್ಣವನ್ನೂ ಅದನ್ನು ತುಳಿದು ನಡೆಯುವ ಜನರನ್ನೂ ಬಹಳ ಹೊತ್ತು ನೋಡಿದರು. ಆನೆದಾರಿಯ ನೆನಪು ಒಂದೇ ವರ್ಷದಲ್ಲಿ ಅಳಿದುಹೋದದ್ದು ಹೇಗೆ ಎಂದು ಮತ್ತೆ ಇಪ್ಪತ್ತೊಂದು ದಿನದ ಅಧ್ಯಯನ ಆರಂಭವಾಗಿದೆ. ಅದೇ ತಾವು, ಅದೇ ಕಂಬ, ಮರಕ್ಕೆ ಅದೇ ನಿಯಮದ ಹೊಸ ಪ್ರತಿ, ಅದೇ ಸಮಿತಿಯ ಸಹಿ. ಮೇಡಂ ಅವರು ಒಳ್ಳೆಯವರು, ಬಿಸಿಲಿನಲ್ಲಿ ತಾವೂ ನಿಲ್ಲುತ್ತಾರೆ, ಮಕ್ಕಳ ಮೇಲೆ ರೇಗುವುದಿಲ್ಲ. ಆದರೆ ಅವರು ಚೀಟಿ ಬಿಟ್ಟು ಬೇರೆ ಓದುವುದಿಲ್ಲ, ವಿದ್ಯಾರ್ಥಿಗಳಿಗೆ ಬಾಯಿ ಬಿಡುವ ಹಾಗಿಲ್ಲ. ಉಳಿದವರು ತಾವೊಬ್ಬರೇ, ಹಾಗಾಗಿ ತಮಗೆ ಬರೆಯಬೇಕಾಯಿತು.

ನನ್ನ ಕೋರಿಕೆಗಳು ಹೆಚ್ಚಿಲ್ಲ. ಒಂದು ದಿನ ಕಂಬದಿಂದ ಇಳಿದು, ಗೋಣಿತಟ್ಟಿನ ಮೇಲೆ ನಮ್ಮವರ ಪಕ್ಕ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತು ನೋಡಬೇಕು. ಅಲ್ಲಿಂದ ನೋಡಿದರೆ ಬಂದು ಹೋಗುವವರೇ ಹಿನ್ನೆಲೆ. ಹೊಸ ಬೋಧನಾ ಕ್ರಮದಲ್ಲಿ ವಾರಕ್ಕೊಂದು ಪೀರಿಯಡ್ಡು, ಪರೀಕ್ಷೆಯಿಲ್ಲದೆ ಇದ್ದರೂ ಚಿಂತೆಯಿಲ್ಲ, ಕೇಳುವುದು ಎಂಬ ವಿಷಯಕ್ಕೆ ಇಡಿಸಬೇಕು. ಅದು ಆಗದಿದ್ದರೆ, ದೊಡ್ಡ ಊರಿನಲ್ಲಿ ಸಮಿತಿಯ ಸದಸ್ಯರು ಮಲಗುವ ಹಾಸಿಗೆಗಳನ್ನು ತಾವು ಇಪ್ಪತ್ತೊಂದು ದಿನ ದಿಟ್ಟಿಸಿ, ಒಳಗಿನ ಹತ್ತಿ ಇದ್ದಲ್ಲೇ ಇರುವುದರಿಂದ ಅದನ್ನೂ ಹಿನ್ನೆಲೆ ಎಂದು ಅಳಿಸಿಬಿಡಬೇಕು. ಕಾಲು ಸುಳ್ಳು ಹೇಳುವುದಿಲ್ಲ ಎಂದಾದರೆ ಬೆನ್ನೂ ಹೇಳಲಾರದು, ಬೆಳಿಗ್ಗೆ ಎದ್ದಾಗ ಅದು ಏನನ್ನುತ್ತದೋ ವರದಿಯಲ್ಲಿ ಸೇರಿಸಿಕೊಳ್ಳಲಿ.

ಇಷ್ಟು ಬರೆದು ನಿನ್ನೆ ಸಂಜೆಯೇ ಪತ್ರ ಮುಗಿಸಬೇಕೆಂದಿದ್ದೆ. ಅಷ್ಟರಲ್ಲಿ ಭಾಗ್ಯ ಬಂದಳು. ಅವಳೀಗ ಎರಡನೇ ತಂಡಕ್ಕೆ ಸಹಾಯಕಿ. ಬಾಗಿಲಲ್ಲೇ ನಿಂತು ತನ್ನ ಲ್ಯಾಪ್‌ಟಾಪ್ ತೆರೆದು ಈ ನಾಲ್ಕು ದಿನ ತಾವು ಕಂಡದ್ದನ್ನು ತೋರಿಸಿದಳು. ಎಳೆಗಳೆಲ್ಲ ನೆಟ್ಟಗೆ ಬಂದು ನೆಟ್ಟಗೆ ಹೋಗಿವೆ. ನಡುವೆ ಒಂದೇ ಒಂದು ಎಳೆ, ದಿನಕ್ಕೆ ಎರಡು ಸಲ, ಮಧ್ಯಾಹ್ನ ಒಮ್ಮೆ ಹೋಗುವಾಗ, ಒಮ್ಮೆ ಬರುವಾಗ, ಮರದ ಹತ್ತಿರ ನಿಧಾನಿಸಿ, ಬೆಂಚನ್ನೂ ಕುಂಡಗಳನ್ನೂ ಬಿಟ್ಟು ದೂರದಿಂದ ಬಳಸಿ ಹೋಗಿದೆ. ನಾಲ್ಕು ದಿನಕ್ಕೆ ಎಂಟು ಸಲ, ಒಮ್ಮೆಯೂ ತಪ್ಪಿಲ್ಲ. ಅವಳು ನಿಯಮ ಮುರಿದು ಕೇಳಿಯೇಬಿಟ್ಟಳು: "ಇವ್ರೊಬ್ರು ಯಾರು ಆಂಟಿ, ಇನ್ನೂ ಸುತ್ತಾಕಂಡು ಓಗ್ತಾವ್ರಲ್ಲ?"

ಮರದ ಹಿಂದಿನ ಜಗಲಿ ತಪ್ಪಿದ ಮೇಲೆ, ಮಧ್ಯಾಹ್ನದ ನಮಾಜಿಗೆ ಮಸೀದಿಗೆ ಹೋಗಿ ಬರುವ ಹೊತ್ತು ಅದು. ಅಲ್ಲಿ ಹತ್ತಿ ಇಲ್ಲ, ಗೋಣಿತಟ್ಟು ಇಲ್ಲ. ಆದರೂ ತಾನು ಕೂತಿದ್ದ ಜಾಗವನ್ನು ತಾನೇ ತುಳಿಯಲಾರದೆ ಬಳಸಿ ಹೋಗುತ್ತಿದ್ದಾರೆ. ನನಗೂ ಹೇಳಿರಲಿಲ್ಲ. "ನಮ್ಮೋರು ಕಣಮ್ಮಿ" ಎಂದೆ. ಅಂತೂ ತಮ್ಮ ಕಣ್ಣಿಗೆ ಅವರು ಬಿದ್ದರು, ಸಾಹೇಬರೇ. ಮೂವತ್ತೊಂದು ವರ್ಷ ಇದ್ದಾಗ ಕಾಣದವರು, ಎದ್ದು ಹೋದ ಮೇಲೆ ಕಂಡರು.

ಭಾಗ್ಯ ಲ್ಯಾಪ್‌ಟಾಪ್ ಮುಚ್ಚಿ ಗೋಡೆಯ ಬಿಲ್ಲಿನ ಕಡೆ ನೋಡಿದಳು. ಆಮೇಲೆ, ಮರದ ಮೇಲಿನ ನಿಯಮವನ್ನು ಇನ್ನೊಂದು ಸಲ ಗಮನವಿಟ್ಟು ಓದಿಕೊಳ್ಳಿ ಎಂದಷ್ಟೇ ಹೇಳಿ ಹೋದಳು. ಹೋಗಿ ಓದಿದೆ. ಬೀದಿಯಲ್ಲಿ ಏನೇ ನಡೆದರೂ ಇಪ್ಪತ್ತೊಂದು ದಿನ ಯಾರೂ ಕೇಳಬಾರದು, ಕೈ ಹಾಕಬಾರದು. ಕೆಳಗೆ ಸಮಿತಿಯ ಸಹಿ. ಇಂದಿಗೆ ಐದನೇ ದಿನ; ಇನ್ನು ಹದಿನಾರು ದಿನ ಮರದ ಕೆಳಗೆ ಯಾರು ಬಂದು ಕೂತರೂ ಸಮಿತಿಯವರೂ ಎಬ್ಬಿಸುವ ಹಾಗಿಲ್ಲ. ಆದ್ದರಿಂದ ತಮ್ಮ ಅವಗಾಹನೆಗೆ ತರುವುದೇನೆಂದರೆ, 

ನಾಳೆ ಬೆಳಿಗ್ಗೆ ಏಳು ಗಂಟೆಗೆ ನಿಂಗಯ್ಯಣ್ಣನೇ ನಮ್ಮ ಮನೆಗೆ ಬಂದು, ಮಗಳ ಹಾಸಿಗೆಯ ಹತ್ತಿ ಮೂಟೆಯನ್ನು ಮರದ ಕೆಳಗೆ ಹೊತ್ತು ತಂದಿಡುತ್ತಾರೆ. ಕಲ್ಲುಬೆಂಚು ದಿಂಬು ಒಣಗಿಸಲು ಅನುಕೂಲವಾಗಿದೆ. ಬಿಲ್ಲನ್ನು ನಾನೇ ಮೊಳೆಯಿಂದ ಇಳಿಸಿದ್ದೇನೆ. ಅವರು ಬೇಡ ಎನ್ನಲಿಲ್ಲ, ತಂತಿಯನ್ನು ಬೆರಳಿನಲ್ಲಿ ಮೀಟಿ ನೋಡಿದರು. ಇಪ್ಪತ್ತೆರಡನೇ ದಿನ ತಮ್ಮ ಹೊಟ್ಟೆಯಿಂದ ವಕ್ರರೇಖೆ ಮತ್ತೆ ಹೊರಬಂದಾಗ, ಅದು ಬೇಕೋ ಬೇಡವೋ ಎಂಬುದನ್ನು ಸಮಿತಿಯವರು ಚೀಟಿಯಲ್ಲಿ ಬರೆದು ನಮಗೆ ಕೊಡಲಿ. ಯಾವ ಅಂಕಣದಲ್ಲಿ ಅಂಟಿಸಬೇಕೆಂದು ನಾವು ನೋಡಿಕೊಳ್ಳುತ್ತೇವೆ.

ಇಂತಿ ಕಂಬದ ಬುಡದಿಂದ,
ತಮ್ಮ ವಿಶ್ವಾಸಿ,
ನಾಸಿರಾ
(ಹಿನ್ನೆಲೆಯ ಹೆಂಡತಿ)

ಮರೆತ ಮಾತು: ತಮ್ಮ ನೀಲಿ ಪಟ್ಟೆಯ ಟೊಪ್ಪಿಗೆ ಹಾಸಿಗೆ ಬಟ್ಟೆಯದು. ಹೋದ ವರ್ಷ ಎರಡನೇ ದಿನ ಮಳೆ ಹನಿದಾಗ, ಪಾಪ ನೆನೆಯುತ್ತಿದೆ ಎಂದು ನಮ್ಮವರು ಯಾರೂ ಕೇಳದೆಯೇ ಹೊಲಿದು, ಎಂಟು ಗಂಟೆಗೆ ಮುಂಚೆ ಏಣಿ ಹತ್ತಿ, ತಮ್ಮ ಕಣ್ಣಿಗೆ ಗೇಣುದೂರದಲ್ಲಿ ನಿಂತು ಕಟ್ಟಿದ್ದು. ಈಗ ಅದರ ದಾರ ಸಡಿಲವಾಗಿದೆ, ಜೋರು ಗಾಳಿ ಬಂದರೆ ಕಣ್ಣಿನ ಮೇಲೆ ಇಳಿದೀತು. ಬಿಗಿ ಮಾಡಿಸಬೇಕಿದ್ದರೆ ಹೊಲಿದವರು ನಾಳೆಯಿಂದ ಮರದ ಕೆಳಗೇ ಸಿಗುತ್ತಾರೆ. ಬರುವಾಗ ದಯವಿಟ್ಟು ಹತ್ತಿ ತುಳಿಯದೆ, ಸುತ್ತಿಕೊಂಡು ಬರಬೇಕು.